ಕಡಲ ಬಂಗಲೆಯಲ್ಲಿ ಮಲಗುವ ಕೆಲಸ

ಕಡಲಿಗೆ ಮುಖ ಮಾಡಿ ನಿಂತ ಹಳೆಯ ಬಂಗಲೆಗಳ ಆ ರಸ್ತೆಯಲ್ಲಿ ಮಹಾರಾಣಿ ಎಲ್ಲಿ ಎಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಿದ್ದರು. ತೋರಿಸಿದ ಕಡೆ ನೋಡಿದರೆ, ಹೆಗಲ ಮೇಲೆ ಒರೆಸುವ ಬಟ್ಟೆ ಹಾಕಿಕೊಂಡು, ಸವೆದ ಚಪ್ಪಲಿ ಮೆಟ್ಟಿಕೊಂಡ ಒಬ್ಬ ಹೆಂಗಸು ಕಿಟಕಿಯ ಸರಳಿಗೆ ಅಂಟಿದ ಉಪ್ಪನ್ನು ಬೈದುಕೊಳ್ಳುತ್ತಾ ಉಜ್ಜುತ್ತಿರುತ್ತಿದ್ದಳು. ಆ ಹೆಸರಿಟ್ಟವನು ಪಕ್ಕದ ಬಂಗಲೆಯ ಡ್ರೈವರ್. ಸುಮ್ಮಸುಮ್ಮನೆ ಇಟ್ಟದ್ದಲ್ಲ. ಆ ರಸ್ತೆಯಲ್ಲಿ ಬೇರೆ ಯಾರಿಗೂ ಇಲ್ಲದ ಒಂದು ಕೆಲಸ ಅವಳಿಗೂ ಅವಳ ಗಂಡನಿಗೂ ಇತ್ತು. ಒಡೆಯರ ಹಾಸಿಗೆಗಳ ಮೇಲೆ ಮಲಗುವ ಕೆಲಸ.

ನಗಬೇಡಿ. ಅವಳಿಗೆ ಅದು ನಗುವ ವಿಷಯವಾಗಿರಲಿಲ್ಲ.

ಕಡಲ ಪಕ್ಕದ ಮನೆ ಎಂದರೆ ಜನ ಬಾಯಿ ಬಿಡುತ್ತಾರೆ. ಎತ್ತರದ ಕಂಬಗಳು, ಉದ್ದನೆಯ ಪಡಸಾಲೆ, ಹಾಸಿಗೆಯಿಂದ ಏಳದೆಯೇ ಕಾಣುವ ಸೂರ್ಯಾಸ್ತ. ಈಗಂತೂ ಒಂದೆರಡು ದಿನ ಅಂಥ ಕಡೆ ಇದ್ದು ಬರಲು ಊರೂರುಗಳಿಂದ ಬರುತ್ತಾರೆ, ಬಿಳಿ ನಿಲುವಂಗಿ ಹಾಕಿಕೊಂಡು ಕೈಯಲ್ಲೊಂದು ಲೋಟ ಹಿಡಿದು ಅಲೆಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಒಳಗಿದ್ದು ಬಾಳಿದವರನ್ನು ಕೇಳಿ. ಬಾಗಿಲು ಉಬ್ಬುತ್ತದೆ, ಬೀಗ ತುಕ್ಕು ಹಿಡಿಯುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ, ಡಬ್ಬಿಯಲ್ಲಿಟ್ಟ ಉಪ್ಪು ಕಣ್ಣೀರು ಸುರಿಸುತ್ತದೆ. ಕಡಲು ನೋಡಲು ಚೆಂದ, ಒರೆಸಲು ಅಲ್ಲ.

ಆ ಬಂಗಲೆಯ ಒಡತಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ನಿಜಕ್ಕೂ ಆಕೆ ದೊಡ್ಡಮ್ಮನಾಗಬೇಕಾದದ್ದು ತನ್ನ ತಂಗಿಯ ಮಗಳೊಬ್ಬಳಿಗೆ. ಉಳಿದವರೆಲ್ಲ ಆ ಹುಡುಗಿಯ ಬಾಯಿಂದ ಕೇಳಿ ಕಲಿತು ಹಾಗೇ ಕರೆದರು. ದೊಡ್ಡಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತುತ್ತಿರಲಿಲ್ಲ. ಕೆಳಗಿನ ಒಂದು ಕೋಣೆಯಲ್ಲಿ ವರ್ಷವಿಡೀ ಇದ್ದು, ಮೆಟ್ಟಿಲ ಬುಡದಲ್ಲಿ ಬೆತ್ತದ ಕುರ್ಚಿ ಹಾಕಿಸಿಕೊಂಡು ಮನೆಯನ್ನು ಆಳುತ್ತಿದ್ದಳು. ಬೇಸಿಗೆ ರಜೆಗೆ ನೆಂಟರು ಬಂದು ಮೇಲಿನ ಕೋಣೆಗಳನ್ನು ತುಂಬುತ್ತಿದ್ದರು. ಉಳಿದ ತಿಂಗಳು ಮಹಡಿ ಖಾಲಿ. ಆಕೆಯ ಬಾಯಿಯಿಂದ ಒಂದು ಒಳ್ಳೆಯ ಮಾತು ಬಿದ್ದದ್ದನ್ನು ಕೇಳಿದವರಿಲ್ಲ. ಅಡುಗೆ ಚೆನ್ನಾಗಿದ್ದರೆ ಸುಮ್ಮನಿರುತ್ತಿದ್ದಳು, ಅದೇ ಹೊಗಳಿಕೆ.

ಮಹಾರಾಣಿಯ ಗಂಡ ತೋಟ ನೋಡಿಕೊಳ್ಳುತ್ತಿದ್ದ. ಕಿಟಕಿ ಬಾಗಿಲುಗಳ ರಿಪೇರಿಯೂ ಅವನದೇ. ಮೈಮುರಿದು ದುಡಿಯುವವನು, ಆದರೆ ಮೂಗಿನ ತುದಿಯಲ್ಲೇ ಸ್ವಾಭಿಮಾನ. ಕೆಲಸಕ್ಕೆ ಸಿಕ್ಕ ಕೂಲಿ ಬಿಟ್ಟರೆ ಯಾರಿಂದಲೂ ಒಂದು ಹಣ್ಣನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಇದು ಅವಳಿಗೆ ಹೆಮ್ಮೆಯಾಗಿತ್ತು. ಆಮೇಲಾಮೇಲೆ ತಲೆನೋವಾಯಿತು.

ಅವರಿಗೆ ಕೊಟ್ಟ ಮನೆ ಬಂಗಲೆಯ ಹಿಂದೆ, ದಿಬ್ಬಕ್ಕೆ ಒರಗಿ ಕಟ್ಟಿದ್ದು. ತಗ್ಗಿನ ಎರಡು ಕೋಣೆ. ಮಳೆ ಹಿಡಿಯಿತೆಂದರೆ ದಿಬ್ಬದ ನೀರೆಲ್ಲ ಹಿಂದಿನ ಗೋಡೆಯಲ್ಲಿ ಜಿನುಗುತ್ತಿತ್ತು. ಅಲ್ಲಿ ಹುಟ್ಟಿದ ಅವರ ಒಬ್ಬಳೇ ಮಗಳಿಗೆ ನಡೆಯಲು ಬರುವ ಮೊದಲೇ ಉಬ್ಬಸ ಬಂತು. ಮಗುವಿನ ಎದೆ ಸುಯ್ಯೆನ್ನುವುದನ್ನು ಕೇಳುತ್ತಾ ಕೂತ ತಾಯಿಗೆ ಜೀವ ಬಾಯಿಗೆ ಬರುತ್ತಿತ್ತು. ಡಾಕ್ಟರು ಔಷಧಿ ಕೊಟ್ಟು, ಒಣಗಿದ ಜಾಗದಲ್ಲಿ ಮಲಗಿಸಿ ಎಂದರು. ಆ ಮಾತು ಹೇಗೋ ದೊಡ್ಡಮ್ಮನ ಕಿವಿಗೆ ಬಿತ್ತು. ಅಡುಗೆಯವಳ ಕೈಲಿ ಹೇಳಿಕಳಿಸಿದಳು, ಮೇಲಿನದೊಂದು ಕೋಣೆಯಲ್ಲಿ ಮಗುವನ್ನು ಮಲಗಿಸಿಕೊಳ್ಳಿ ಎಂದು.

"ನಮ್ಮ ಮನೆ ನಮಗೆ ಸಾಕು ಅಂತ ಹೇಳಿ," ಎಂದ ಗಂಡ. ಅಷ್ಟೇ. ಮಹಾರಾಣಿ ಅತ್ತಳು, ಬೇಡಿದಳು, ಮಾತು ಬಿಟ್ಟಳು. ಅವನು ಗೋಡೆಗೆ ತಗಡು ಹೊಡೆದ, ಒಲೆಯ ಕೆಂಡ ತಂದಿಟ್ಟ, ರಾತ್ರಿಯೆಲ್ಲ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತಿರುಗಿದ. ಹೆಗಲು ಕೊಟ್ಟ, ಹಠ ಬಿಡಲಿಲ್ಲ.

ಸ್ವಲ್ಪ ದಿನಕ್ಕೆ ಬಂಗಲೆಗೆ ಸುಣ್ಣ ಬಳಿಯುವವರು ಬಂದರು. ಮೇಲಿನ ನೀಲಿ ಕೋಣೆಯ ಮೂಲೆಯಲ್ಲಿ ಅಂಗೈಯಗಲ ಬೂಸ್ಟು ಇದೆ ಎಂದರು. ಅದನ್ನೇ ಕಾಯುತ್ತಿದ್ದವಳಂತೆ ದೊಡ್ಡಮ್ಮ, ಆ ಕೆಲಸಗಾರರೆಲ್ಲರ ಎದುರಿಗೆ ಅವನನ್ನು ಹಿಡಿದು ಝಾಡಿಸಿದಳು.

"ನಿನ್ನನ್ನ ಮನೆ ನೋಡ್ಕೊಳ್ಳೋಕೆ ಇಟ್ಟಿದ್ದೀನಾ, ಮನೆ ಕೊಳೆಸೋಕೆ ಇಟ್ಟಿದ್ದೀನಾ? ಮನುಷ್ಯರು ಉಸಿರಾಡದ ಕೋಣೆ ಹಾಳಾಗದೆ ಇನ್ನೇನಾಗತ್ತೆ? ಇವತ್ತಿಂದ ನೀನು, ನಿನ್ನ ಹೆಂಡತಿ, ಮಗು, ಮೂರೂ ಜನ ಮೇಲೆ ಮಲಗಬೇಕು. ಒಂದೊಂದು ವಾರ ಒಂದೊಂದು ಕೋಣೆ. ಬೇಸಿಗೇಲಿ ನೆಂಟರು ಬಂದಾಗ ಮಾತ್ರ ಹಿಂದಿನ ಮನೆ. ನೆಲದ ಮೇಲಲ್ಲ, ಹಾಸಿಗೆ ಮೇಲೆ. ಹಾಸಿಗೆಗೂ ಮೈಶಾಖ ಬೇಕು. ಬೆಳಿಗ್ಗೆ ಬಂದು ನಂಗೆ ವರದಿ ಒಪ್ಪಿಸಬೇಕು. ಆಗಲ್ಲ ಅಂದ್ರೆ ಹೇಳು, ಬೇರೆಯವರನ್ನ ನೋಡ್ತೀನಿ."

ಅಷ್ಟು ಬೈಗುಳ ತಿಂದವನಿಗೆ ಅದರ ಹಿಂದೆ ಬೇರೇನಾದರೂ ಇದ್ದೀತು ಎಂದು ಹೊಳೆಯುವುದು ಎಲ್ಲಿಂದ? ಕೆಲಸ ಎಂದ ಮೇಲೆ ಕೆಲಸ. ಅವನು ಹಲ್ಲು ಕಚ್ಚಿಕೊಂಡು ಅಂದೇ ದಿಂಬು ಹೊತ್ತು ಮೆಟ್ಟಿಲು ಹತ್ತಿದ.

ಹಾಗೆ ಶುರುವಾಯಿತು ಮಹಾರಾಣಿಯ ವೈಭೋಗ. ಮುಳುಗಿಹೋಗುವಷ್ಟು ಮೆತ್ತನೆಯ ಹಾಸಿಗೆ, ಬೆಳಿಗ್ಗೆ ಎದ್ದರೆ ಸೊಂಟ ಹಿಡಿದಿರುತ್ತಿತ್ತು. ಮಂಚಕ್ಕೆ ಕೆತ್ತನೆಯ ಕಂಬ, ಕತ್ತಲಲ್ಲಿ ಎದ್ದರೆ ಹಣೆಗೆ ಬಡಿಯುತ್ತಿತ್ತು. ಗೋಡೆಯ ಮೇಲಿನ ಹಿರಿಯರ ಚಿತ್ರಗಳು ನಿನಗಿಲ್ಲಿ ಏನು ಕೆಲಸ ಎನ್ನುವಂತೆ ನೋಡುತ್ತಿದ್ದವು. ಗಂಡನಂತೂ ಮಂಚದ ಅಂಚಿನಲ್ಲಿ, ಬಸ್ಸಿನಲ್ಲಿ ಅರ್ಧ ಸೀಟು ಸಿಕ್ಕವನ ಹಾಗೆ ಮಲಗುತ್ತಿದ್ದ. ಮಗಳು ಮಾತ್ರ ನಡುವೆ ಕೈಕಾಲು ಚಾಚಿ ನಿಜವಾದ ರಾಜಕುಮಾರಿಯಂತೆ ನಿದ್ದೆ ಹೊಡೆಯುತ್ತಿದ್ದಳು.

ಬೆಳಿಗ್ಗೆ ಗಂಡ ಮೆಟ್ಟಿಲ ಬುಡದಲ್ಲಿ ಬೆತ್ತದ ಕುರ್ಚಿಯ ಎದುರು ನಿಂತು ವರದಿ ಒಪ್ಪಿಸುತ್ತಿದ್ದ.

"ನೀಲಿ ಕೋಣೆ. ಗೋಡೆ ಒಣಗಿದೆ."

"ಮಗು ಕೆಮ್ಮಿತಾ?"

"ಇಲ್ಲ."

"ಹಾಗಾದ್ರೆ ಒಣಗಿದೆ. ಹೋಗು."

ಕೆಮ್ಮಿತು ಎಂದರೆ ಬೇರೆ ಕಿಟಕಿ ತೆರೆಯಿರಿ, ಮಂಚ ಸರಿಸಿ, ಕೋಣೆ ಬದಲಿಸಿ ಎಂಬ ಹುಕುಂ. ತೇವ ಇದೆಯೋ ಇಲ್ಲವೋ ನೋಡಲು ಆ ಮಗುವಿನ ಎದೆಗಿಂತ ಒಳ್ಳೆಯ ಅಳತೆ ಇಲ್ಲ ಎಂದು ಆಕೆ ಅಡುಗೆಯವಳ ಮುಂದೆ ಹೇಳಿದ್ದಳಂತೆ. ಅದನ್ನು ಕೇಳಿದ ದಿನ ಮಹಾರಾಣಿ ಕೈಲಿದ್ದ ಒರೆಸುವ ಬಟ್ಟೆಯನ್ನು ನೆಲಕ್ಕೆ ಎಸೆದಳು. ಹೆತ್ತ ಮಗು ಇವಳಿಗೆ ಗೋಡೆ ಪರೀಕ್ಷಿಸುವ ಯಂತ್ರವಾಯಿತೇ? ಎಷ್ಟು ವರ್ಷ ಕಳೆದರೂ ಅದೇ ಪ್ರಶ್ನೆ. ಮಗಳು ತಾಯಿಗಿಂತ ಎತ್ತರ ಬೆಳೆದು ಕಾಲೇಜಿಗೆ ಹೋಗತೊಡಗಿದರೂ ಬೆಳಿಗ್ಗೆ ಎದ್ದರೆ "ಮಗು ಕೆಮ್ಮಿತಾ?" ಮಗು ಹೇಗಿದೆ ಎಂದು ಒಂದು ದಿನವಾದರೂ ಕೇಳಬಾರದೇ ಆ ಹೆಂಗಸು ಎಂದು ಮಹಾರಾಣಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

ಉಬ್ಬಸ ಯಾವಾಗ ಬಿಟ್ಟುಹೋಯಿತು ಎಂಬುದನ್ನು ಯಾರೂ ಗಮನಿಸಲಿಲ್ಲ. ಕಾಯಿಲೆ ಬಂದದ್ದು ಗೊತ್ತಾಗುತ್ತದೆ, ಹೋದದ್ದು ಗೊತ್ತಾಗುವುದಿಲ್ಲ. ಮಗಳು ಈಗ ದೂರದ ಊರಿನ ಶಾಲೆಯಲ್ಲಿ ಆಟದ ಟೀಚರು, ಅವಳು ಸೀಟಿ ಊದಿದರೆ ಪಕ್ಕದ ಶಾಲೆಯ ಮಕ್ಕಳೂ ಓಡುವುದನ್ನು ನಿಲ್ಲಿಸುತ್ತಾರಂತೆ.

ಮಗಳು ಮದುವೆಯಾಗಿ ಹೋದ ಮರುದಿನ ಗಂಡ ಎಂದಿನಂತೆ ವರದಿಗೆ ನಿಂತ. ದೊಡ್ಡಮ್ಮ ಅವನ ಮುಖವನ್ನೂ ನೋಡದೆ, "ಇನ್ನು ಮೇಲೆ ಬೇಕಾದ್ರೆ ಮೇಲೆ ಮಲಗಿ, ಬೇಡದಿದ್ರೆ ಬಿಡಿ. ನಿಮ್ಮಿಷ್ಟ," ಎಂದಳು.

ನಿಮ್ಮಿಷ್ಟ! ಬೇರೆಯವರಾಗಿದ್ದರೆ ಕೈಮುಗಿದು ಅಲ್ಲೇ ಉಳಿದುಬಿಡುತ್ತಿದ್ದರು. ಇವನಿಗೆ ಅದು ಕೆಲಸದಿಂದ ತೆಗೆದಂತೆ ಕೇಳಿಸಿತು. ಇಷ್ಟವಿದ್ದರೆ ಮಾಡು ಎನ್ನುವುದು ಕೆಲಸ ಹೇಗಾದೀತು? ತಾವೇನು ತಪ್ಪು ಮಾಡಿದೆವೆಂದು ಎಲ್ಲ ಹಾಸಿಗೆಗಳನ್ನೂ ಮಗುಚಿ ಕಲೆ ಹುಡುಕಿದ. ಒಂದೂ ಸಿಗಲಿಲ್ಲ. ಅಂದೇ ದಿಂಬು ಹೊತ್ತು ಹಿಂದಿನ ಮನೆಗೆ ಇಳಿದುಬಿಟ್ಟ. ಆಮೇಲೆ ದೊಡ್ಡಮ್ಮನ ಕೆಲಸವೊಂದನ್ನೂ ತಪ್ಪಿಸಲಿಲ್ಲ, ಕೊನೆಗಾಲದಲ್ಲಿ ಆಕೆಯನ್ನು ಎತ್ತಿ ಕೂರಿಸಿದವನೂ ಅವನೇ. ಆದರೆ ಮುಖ ಬಿಗಿದದ್ದು ಬಿಗಿದೇ ಇತ್ತು. ಹೆಂಡತಿಯದೂ ಅಷ್ಟೇ.

ದೊಡ್ಡಮ್ಮ ತೀರಿಕೊಂಡು ವರ್ಷವಾಗುತ್ತಾ ಬಂತು. ಬಂಗಲೆ ಈಗ ಆ ತಂಗಿಯ ಮಗಳದು. ರಜೆಗೆ ಜಡೆ ಹಾಕಿಕೊಂಡು ಬರುತ್ತಿದ್ದ ಹುಡುಗಿಯನ್ನು ಇವರು ಪುಟ್ಟಮ್ಮ ಎನ್ನುತ್ತಿದ್ದರು. ತಲೆಯಲ್ಲಿ ಬಿಳಿಕೂದಲು ಬಂದರೂ ಆಕೆ ಪುಟ್ಟಮ್ಮನೇ. ಆಕೆ ಬಂಗಲೆಯನ್ನು ದುಬಾರಿ ಅತಿಥಿಗೃಹ ಮಾಡಲು ಹೊರಟಿದ್ದಳು. ಹಿಂದಿನ ಗೋಡೆ ಬಿರುಕು ಬಿಟ್ಟಿದೆ, ಆ ಕೋಣೆಗಳನ್ನು ಕೆಡವಲೇಬೇಕು ಎಂದು ಎಂಜಿನಿಯರ್ ಹೇಳಿದ. ಆ ಜಾಗದಲ್ಲಿ ಈಜುಕೊಳ ಬರುತ್ತದಂತೆ. ಎದುರಿಗೆ ಇಡೀ ಕಡಲೇ ಬಿದ್ದಿರುವಾಗ ಈಜುಕೊಳ ಯಾಕೆ ಎಂದು ಮಹಾರಾಣಿ ಕೇಳಿದ್ದಕ್ಕೆ ಪುಟ್ಟಮ್ಮ ನಕ್ಕು, "ಕಡಲನ್ನ ನೋಡ್ತಾ ಈಜೋಕೆ ಅಕ್ಕಾ," ಎಂದಿದ್ದಳು.

"ನೀವಿಬ್ಬರೂ ಮೇಲಿನ ಮೂಲೆ ಕೋಣೆಗೆ ಬನ್ನಿ," ಎಂದೂ ಹೇಳಿದ್ದಳು. "ಅದನ್ನ ಅತಿಥಿಗಳಿಗೆ ಕೊಡಲ್ಲ. ಅದು ನಿಮ್ಮದು, ಇರೋವರೆಗೂ."

ಮೂಲೆ ಕೋಣೆ! ಎರಡು ಕಡೆ ಕಡಲು, ಎರಡು ಕಡೆ ಗಾಳಿ. ಗಂಡ ಅಂಗಳದಲ್ಲಿ ನಿಂತು, "ಒಂದು ಸಲ ಇಳಿದ ಮೆಟ್ಟಿಲು ಮತ್ತೆ ಹತ್ತಲ್ಲ ಪುಟ್ಟಮ್ಮ. ಧರ್ಮದ ಕೋಣೆ ನಮಗೆ ಬೇಡ," ಎಂದುಬಿಟ್ಟ. ಮಾರ್ಕೆಟ್ಟಿನ ಹಿಂದೆ ಬಾಡಿಗೆಗೆ ಒಂದು ಕೋಣೆ ನೋಡಿ ಬಂದ. ಕಿಟಕಿ ತೆರೆದರೆ ಎದುರು ಗೋಡೆ. ಬೈದು ಬೈದು ಒರೆಸಿದ ಈ ಕಡಲನ್ನು ಬಿಟ್ಟು ತಾನು ಬದುಕಲಾರೆ ಎಂಬುದು ಮಹಾರಾಣಿಗೆ ಆಗ ಗೊತ್ತಾಯಿತು. ಹೇಳಿದರೆ ಕೇಳುವ ಗಂಡಸೇ ಅವನು?

ಗಂಟುಮೂಟೆ ಕಟ್ಟುವ ದಿನ ಬೆಳಿಗ್ಗೆ ಮಹಾರಾಣಿ ಕೊನೆಯ ಸಲ ಎಂದು ನೀಲಿ ಕೋಣೆಯ ಹಾಸಿಗೆಗೆ ಹೊದಿಕೆ ಹಾಸುತ್ತಿದ್ದಳು. ಆ ತುದಿ ಹಿಡಿದದ್ದು ಪುಟ್ಟಮ್ಮ.

"ಯಾರೂ ಬರದ ತಿಂಗಳಲ್ಲಿ ಈ ಕೋಣೇಲಿ ಯಾರನ್ನಾದ್ರೂ ಮಲಗಿಸಿ ಪುಟ್ಟಮ್ಮ. ಇಲ್ಲಾಂದ್ರೆ ಬೂಸ್ಟು ಹಿಡಿಯತ್ತೆ," ಎಂದಳು ಮಹಾರಾಣಿ. ಸಿಟ್ಟಿದ್ದರೂ ಮನೆಯ ಮೇಲಿನ ಅಕ್ಕರೆ ಹೋಗಬೇಕಲ್ಲ.

ಪುಟ್ಟಮ್ಮ ಹುಬ್ಬೇರಿಸಿದಳು. "ಮಲಗಿಸೋದಾ? ಕಿಟಕಿ ತೆರೆದಿಟ್ರೆ ಸಾಕಲ್ಲ. ತಾತನ ಕಾಲದಲ್ಲಿ ಮಳೆಗಾಲ ಪೂರ್ತಿ ಮೇಲೆ ಬೀಗ ಹಾಕಿರೋರಂತೆ. ಬೀಗ ತೆಗೆದು ಗಾಳಿ ಆಡಿಸಿದ್ರೆ ಸರಿಹೋಗ್ತಿತ್ತು ಅಂತ ಅಮ್ಮ ಹೇಳೋರು."

"ದೊಡ್ಡಮ್ಮನೇ ನಮ್ಮನ್ನ ಮಲಗಿಸ್ತಿದ್ರು. ವರ್ಷಗಟ್ಟಲೆ. ಬೆಳಿಗ್ಗೆ ಎದ್ದು ವರದಿ ಬೇರೆ. ಗೋಡೆ ಒಣಗಿದೆಯಾ, ಮಗು ಕೆಮ್ಮಿತಾ ಅಂತ."

ಪುಟ್ಟಮ್ಮನ ಕೈಯಿಂದ ಹೊದಿಕೆ ಜಾರಿತು.

"ಏನಂದ್ರಿ ಅಕ್ಕಾ? ಇನ್ನೊಂದು ಸಲ ಹೇಳಿ."

"ಮಗು ಕೆಮ್ಮಿತಾ ಅಂತ. ನನ್ನ ಮಗಳು. ಅವಳ ಕೆಮ್ಮಿನ ಮೇಲೆ ಅವರು ಗೋಡೆ ಅಳೀತಿದ್ರು."

ಪುಟ್ಟಮ್ಮ ಮಂಚದ ಮೇಲೆ ಕೂತುಬಿಟ್ಟಳು. "ನಾನು ಚಿಕ್ಕವಳಿದ್ದಾಗ ದೊಡ್ಡಮ್ಮ ದಿನಾ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡೋರು. ನಾನೇ ಮೊದಲು ಎತ್ತೋದು. ನಮಸ್ಕಾರ ಇಲ್ಲ, ಹೇಗಿದ್ದೀಯ ಇಲ್ಲ, ಮೊದಲ ಮಾತೇ 'ಅಮ್ಮನಿಗೆ ಹೇಳು, ಇವತ್ತು ಮಗು ಕೆಮ್ಮಲಿಲ್ಲ' ಅಂತ. ಕೆಮ್ಮಿದ ದಿನ ಅವರ ಧ್ವನೀನೇ ಬೇರೆ ಇರ್ತಿತ್ತು, ಅಮ್ಮನನ್ನ ಕರಿ ಅಂತಷ್ಟೇ ಅನ್ನೋರು. ಯಾವ ಮಗು ಅಂತ ಆಗ ನಂಗೆ ಗೊತ್ತೇ ಆಗಲಿಲ್ಲ. ರಜಕ್ಕೆ ಬಂದಾಗ ತೊಟ್ಟಿಲು ಎಲ್ಲಿದೆ ಅಂತ ಮನೆಯೆಲ್ಲಾ ಹುಡುಕಿದ್ದೆ. ನನ್ನ ಜೊತೆ ಮರ ಹತ್ತೋ ನಿಮ್ಮ ಮಗಳೇ ಆ ಮಗು ಅಂತ ಹೇಗೆ ಅಂದ್ಕೊಳ್ಳಲಿ?"

ಮಹಾರಾಣಿ ಜಾರಿದ ಹೊದಿಕೆಯನ್ನು ಎತ್ತಿಕೊಂಡಳು.

"ಫೋನಲ್ಲಿ ಗೋಡೆ ವಿಷಯ ಒಂದು ದಿನಾನೂ ಬರಲಿಲ್ಲ ಅಕ್ಕಾ," ಎಂದಳು ಪುಟ್ಟಮ್ಮ. "ಆಮೇಲೆ ಒಂದು ದಿನ 'ಮಗು ಗಂಡನ ಮನೆಗೆ ಹೋಯ್ತು. ಇನ್ನು ಬೆಳಿಗ್ಗೆ ಕೇಳೋಕೆ ನಂಗೇನೂ ಇಲ್ಲ' ಅಂದ್ರಂತೆ. ಅಮ್ಮ ಫೋನಿಟ್ಟು ಅತ್ತಿದ್ದು ನೆನಪಿದೆ."

ಅಷ್ಟು ವರ್ಷ ಕೇಳಿದ ಆ ಪ್ರಶ್ನೆ ಈಗ ಮೊದಲ ಸಲ ಕೇಳಿಸಿದ ಹಾಗೆ ಮಹಾರಾಣಿಯ ಕಿವಿಯಲ್ಲಿ ನಿಂತಿತು. ಗೋಡೆಯ ನೆಪದಲ್ಲಿ ಮಗುವನ್ನೇ ಕೇಳುತ್ತಿದ್ದಳಲ್ಲ ಆ ಹೆಂಗಸು. ಒಂದು ದಿನ ತಪ್ಪಿಸದೆ. ತಾನು ಪಾತ್ರೆ ಕುಕ್ಕಿದ್ದೆಲ್ಲ ಆ ಕುರ್ಚಿಗೆ ಕೇಳಿಸುತ್ತಿತ್ತು, ಆದರೂ ಕೇಳುವುದನ್ನು ಬಿಟ್ಟಿರಲಿಲ್ಲ. ಅವಳು ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ಮನಸಾರೆ ಅತ್ತಳು. ದುಃಖಕ್ಕಲ್ಲ, ಇಷ್ಟೆಲ್ಲ ತನಗೆ ಸಿಕ್ಕಿತ್ತಲ್ಲ ಎಂದು.

ಹಿಂದಿನ ಮನೆಯಲ್ಲಿ ಗಂಡ ಪಾತ್ರೆಯ ಮೂಟೆಗೆ ಹಗ್ಗ ಬಿಗಿಯುತ್ತಿದ್ದ. ಅವಳು ಹೊಸಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಅವನ ಕೈ ನಿಂತಿತು. ಮುಖ ಕಪ್ಪಿಟ್ಟಿತು.

"ಅಂದ್ರೆ ಅಷ್ಟು ವರ್ಷ ನಾವು ಅವರ ಧರ್ಮದಲ್ಲಿ ಮಲಗಿದ್ವಾ? ನನಗೆ ಕೆಲಸ ಅಂತ ಸುಳ್ಳು ಹೇಳಿ?"

ಮಹಾರಾಣಿಗೆ ರೇಗಿತು. ಹಿಂದೆಂದೂ ಅಷ್ಟು ರೇಗಿರಲಿಲ್ಲ.

"ಹೌದು ಕಣ್ರೀ, ಸುಳ್ಳು! ಯಾಕೆ ಹೇಳಿದ್ರು? ನೆಟ್ಟಗೆ ಕೊಟ್ಟಾಗ ನೀವು ತಗೊಂಡ್ರಾ? ಮಗು ನೀಲಿಗಟ್ಟಿದ್ರೂ ನಿಮ್ಮ ಮೂಗು ಕೆಳಗಿಳೀತಾ? ನಾನು ಹೆಂಡತಿ, ನಿಮ್ಮ ಕಾಲು ಹಿಡಿದ್ರೂ ಆಗಲಿಲ್ಲ. ಅವರು ನಿಮ್ಮ ಹಠಕ್ಕೊಂದು ದಾರಿ ಹುಡುಕಿದ್ರು. ನಮ್ಮ ಕಣ್ಣಿಗೆ ಕೆಟ್ಟವರಾಗಿ ಆ ಕುರ್ಚೀಲಿ ಕೂತ್ರು. ಸಾಯೋವರೆಗೂ ಕೂತ್ರು. ಒಂದು ಮಾತು ಹೇಳಿದ್ರೆ ನಾವು ಅವರ ಕಾಲಿಗೆ ಬೀಳ್ತಿದ್ವಿ. ಹೇಳಲಿಲ್ಲ. ನಿಮ್ಮ ತಲೆ ತಗ್ಗಬಾರದು ಅಂತ!"

ಅವನು ಮೂಟೆಯ ಮೇಲೆಯೇ ಕೂತ. ಒಳಗಿದ್ದ ತಟ್ಟೆಗಳು ಕಟಕಟ ಎಂದವು. ಹಗ್ಗದ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದ. "ಸುಣ್ಣದವರ ಮುಂದೆ ಬೈದದ್ದು? ಅದೂ ಸುಳ್ಳೇ?"

"ಅದು ನಿಜವೇ ಇರಬೇಕು. ನಿಮ್ಮನ್ನ ಬೈಯೋಕೆ ನಾಟಕ ಯಾಕೆ ಬೇಕು?"

ಅವನಿಗೆ ನಗು ಬಂತು. ಬಂದ ನಗು ಅರ್ಧಕ್ಕೆ ಮುರಿದು ಬೇರೇನೋ ಆಯಿತು. ಹೆಂಡತಿ ಅವನ ಕಣ್ಣಲ್ಲಿ ನೀರು ಕಂಡದ್ದು ಮಗಳ ಮದುವೆಯ ದಿನ ಬಿಟ್ಟರೆ ಇದೇ. "ಎತ್ತಿ ಕೂರಿಸುವಾಗ ನನ್ನ ಮುಖಾನೇ ನೋಡೋರು ಕಣೇ," ಎಂದ. "ನಾನು ಗೋಡೆ ನೋಡ್ತಿದ್ದೆ." ಎದ್ದು ಹೊರಗೆ ಹೋದ. ನೀರಿನ ಅಂಚಿನಲ್ಲಿ ಅವನು ಆ ಕಡೆಯಿಂದ ಈ ಕಡೆಗೆ ನಡೆಯುವುದು ಅವಳಿಗೆ ಕಾಣುತ್ತಿತ್ತು. ಅವಳು ಕರೆಯಲಿಲ್ಲ.

ತಿರುಗಿ ಬಂದವನು ಮೂಟೆಯ ಹಗ್ಗ ಬಿಚ್ಚಿದ, ಒಳಗಿನಿಂದ ಎಣ್ಣೆಯ ಡಬ್ಬಿ ಹುಡುಕಿ ತೆಗೆದ.

"ಮೂಲೆ ಕೋಣೆಯ ಕಿಟಕಿ ಕಿರ್‍ರ್ ಅನ್ನತ್ತೆ. ಎಣ್ಣೆ ಹಾಕದಿದ್ರೆ ನಿದ್ದೆ ಬರಲ್ಲ," ಎಂದ. ಆಮೇಲೆ, ಅವಳ ಕಡೆ ನೋಡದೆ, "ಇದನ್ನ ಕೆಲಸ ಅಂತ ಕರೆಯೋದು ಬೇಡ ಅಂತ ಪುಟ್ಟಮ್ಮನಿಗೆ ಹೇಳು. ಕೊಟ್ರು, ತಗೊಂಡ್ವಿ. ಅಷ್ಟೇ."

ಆ ಮಾತು ಆಡಲು ಅವನಿಗೆ ಎಷ್ಟು ಕಷ್ಟವಾಯಿತೆಂದು ಅವಳಿಗೆ ಗೊತ್ತಿತ್ತು. ಕೀಟಲೆ ಮಾಡಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. ಅದೂ ಅವಳಿಗೆ ಸುಲಭವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮಹಾರಾಣಿ ಏಳುವಾಗ ಸೊಂಟ ಮೊದಲಿನಂತೆ ಹಿಡಿದಿತ್ತು, ಹಾಸಿಗೆ ಮೊದಲಿನಂತೆ ನುಂಗಿಹಾಕಿತ್ತು. ಎರಡು ಕಿಟಕಿಗಳ ತುಂಬ ಬಿಸಿಲು ಮತ್ತು ಕಡಲು. ಹಾಸಿಗೆಯ ಅಂಚಿನಲ್ಲಲ್ಲ, ನಡುವಿನಲ್ಲೇ ಕಾಲು ಚಾಚಿ ಕೂತು ಗಂಡ ಫೋನಿನಲ್ಲಿ ಮಾತಾಡುತ್ತಿದ್ದ. ಇಷ್ಟು ಬೆಳಿಗ್ಗೆ ಅವನು ಯಾರಿಗೂ ಫೋನ್ ಮಾಡಿದವನಲ್ಲ.

"ರಾತ್ರಿ ಕೆಮ್ಮು ಬಂತಾ ನಿಂಗೆ?"

"ಏನಪ್ಪಾ?" ಮಗಳ ದೊಡ್ಡ ಗಂಟಲು ಕೋಣೆಯೆಲ್ಲ ಕೇಳುತ್ತಿತ್ತು. "ಏನಾಯ್ತು? ಹುಷಾರಾಗಿದ್ದೀಯ ತಾನೇ? ಅಮ್ಮ ಎಲ್ಲಿ?"

"ಎಲ್ಲರೂ ಹುಷಾರು. ಕೇಳಿದ್ದಕ್ಕೆ ಹೇಳು. ಕೆಮ್ಮಿದ್ಯಾ ಇಲ್ವಾ?"

"ಇಲ್ಲಪ್ಪಾ. ಕೆಮ್ಮಿ ಯಾವ ಕಾಲ ಆಯ್ತೋ."

"ಸರಿ. ಇಡು."

ಅವನು ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು, ಗುಂಡಿಗಳನ್ನು ಕೊರಳವರೆಗೆ ಹಾಕಿ ಮೆಟ್ಟಿಲು ಇಳಿದ. ಏನು ನಡೆಯುತ್ತದೆಂದು ಅರ್ಥವಾಗದೆ ಮಹಾರಾಣಿ ಹಿಂದೆಯೇ ಇಳಿದಳು. ಕೆಳಗೆ ಪುಟ್ಟಮ್ಮ ಬಡಗಿಯ ಜೊತೆ ಏನೋ ಲೆಕ್ಕಾಚಾರದಲ್ಲಿದ್ದವಳು ಇವನನ್ನು ಕಂಡು ಮಾತು ನಿಲ್ಲಿಸಿದಳು. ಅವನು ಆಕೆಯನ್ನೂ ನೋಡಲಿಲ್ಲ, ಬಡಗಿಯನ್ನೂ ನೋಡಲಿಲ್ಲ. ಮೆಟ್ಟಿಲ ಬುಡದಲ್ಲಿ ತಾನು ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲೇ, ಈಗಲೂ ಅಲ್ಲೇ ಇದ್ದ ಖಾಲಿ ಬೆತ್ತದ ಕುರ್ಚಿಗೆ ಮುಖ ಮಾಡಿ ನಿಂತು, ಗಂಟಲು ಸರಿಮಾಡಿಕೊಂಡ.

"ಮೂಲೆ ಕೋಣೆ. ಗೋಡೆ ಒಣಗಿದೆ ದೊಡ್ಡಮ್ಮ," ಎಂದ. "ಮಗು ಕೆಮ್ಮಲಿಲ್ಲ."